ಹಳದಿ ಮುಚ್ಚಳದ ದ್ರಾಕ್ಷಿ

ಮಾರ್ಚ್ ೧೪, ಗುರುವಾರ

ಗೆದ್ದೆ! ಬರೆಯಲು ಕೂತರೂ ನಗು ತಡೆಯಲಾಗುತ್ತಿಲ್ಲ.

ನೀಲಿ ಮುಚ್ಚಳದಡಿ ದ್ರಾಕ್ಷಿ ಇರುತ್ತದೆಂದು ನಮ್ಮ ಪ್ರಯೋಗಾಲಯದ ಎರಡು ಕೋತಿಗಳೂ, ದೊರೆ ಮತ್ತು ಪುಟ್ಟಕ್ಕ, ಕಲಿತಿದ್ದವು. ಕಲಿತ ಕೂಡಲೇ ದೊರೆಗೆ ಪಾಠ ನಿಲ್ಲಿಸಿದೆವು. ಪುಟ್ಟಕ್ಕನಿಗೆ ಮಾತ್ರ ನಾನು ವಾರಗಟ್ಟಲೆ ಅದನ್ನೇ ಮಾಡಿಸಿದೆ.

"ರುಬ್ಬಿದ್ದನ್ನೇ ರುಬ್ತೀಯಲ್ಲಮ್ಮ! ಆಮೇಲೆ ದ್ರಾಕ್ಷಿ ಬೇರೆ ಮುಚ್ಚಳಕ್ಕೆ ಬದಲಾಯಿಸಿದ್ರೆ ಅವಳು ನೀಲಿ ಬಿಟ್ಟು ಕದಲೋದೇ ಇಲ್ಲ" ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಮೇಷ್ಟ್ರು ದಿನವೂ ರೇಗುತ್ತಿದ್ದರು.

ಇವತ್ತು ದ್ರಾಕ್ಷಿಯನ್ನು ಪಕ್ಕದ ಹಳದಿ ಮುಚ್ಚಳದಡಿ ಇಟ್ಟೆವು. ದೊರೆ ಸಂಜೆಯವರೆಗೂ ನೀಲಿಯನ್ನೇ ಎತ್ತಿ ಎತ್ತಿ, ಕೊನೆಗೆ ಸಿಟ್ಟಿಗೆದ್ದು ತಟ್ಟೆಯನ್ನೇ ತಳ್ಳಿಬಿಟ್ಟ. ಪುಟ್ಟಕ್ಕನೂ ಮೊದಲು ನೀಲಿಯನ್ನೇ ಎತ್ತಿದಳು. ಏನೂ ಇರಲಿಲ್ಲ. ಮತ್ತೆ ಮತ್ತೆ ಎತ್ತಿ ನೋಡಿದಳು. ಆಮೇಲೆ ನನ್ನ ಮುಖವನ್ನೊಮ್ಮೆ ದಿಟ್ಟಿಸಿ ಹಳದಿಗೆ ಕೈ ಹಾಕಿದವಳು, ನೀಲಿಯ ಕಡೆ ತಿರುಗಿಯೂ ನೋಡಲಿಲ್ಲ. ಹಳೆಯದು ಅಷ್ಟು ಗಟ್ಟಿಯಾಗಿ ಗೊತ್ತಿದ್ದಕ್ಕೇ, ಅದು ಸುಳ್ಳಾದದ್ದು ಅವಳಿಗೆ ಬೇಗ ಗೊತ್ತಾಯಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ನಾನು ಆಗ್ಲೇ ಹೇಳಿರ್ಲಿಲ್ವಾ? ಹೆಚ್ಚು ಪಾಠ ಯಾವತ್ತೂ ಒಳ್ಳೇದೇ" ಎಂದರು.

ಇಷ್ಟು ವರ್ಷ ಒಂದೇ ಮಾತು ಹೇಳಿ ಪಳಗಿದವರಲ್ಲವೇ, ಮಾತು ತಿರುಗಿಸಿದ್ದೂ ಪುಟ್ಟಕ್ಕನಷ್ಟೇ ಬೇಗ! ನಾನು ಒಂದು ದ್ರಾಕ್ಷಿ ಅವರ ಕೈಗಿಟ್ಟೆ. ತಿಂದರು.