ಜಿರಳೆ ಮುಗಿಸಿ ಬಾ

ಕುಲಶೇಖರ, ಮಂಗಳೂರು
9 ಮಾರ್ಚ್ 1938, ಬುಧವಾರ

ಹೇಮಾಕ್ಷಿಗೆ,

ಅಂಗೈ ಬೆಂದಿದೆ, ಒಲೆ ಒಡೆದಿದೆ, ಹಂಚಿನ ಕಾರ್ಖಾನೆಗೆ ರಜೆ ಹಾಕಿದ್ದಕ್ಕೆ ಮೇಸ್ತ್ರಿಯ ಬೈಗುಳ ಬೇರೆ. ಮಧ್ಯಾಹ್ನದ ಗಂಜಿಗೂ ಒಂದು ಜಿರಳೆ ಬಿತ್ತು. ಇನ್ನೂ ಎಂತ ಹೇಳಲಿ? ನೀನೂ ನಿನ್ನ ತಾಯಿಯೂ ಸೌಖ್ಯವೆಂದು ನಂಬಿದ್ದೇನೆ. ತಿಂಗಳಾದರೂ ಕಾಗದ ಹಾಕಲಿಲ್ಲ, ತಪ್ಪಾಯಿತು. ನನ್ನ ಅಕ್ಷರ ನಿನಗೆ ಗೊತ್ತುಂಟಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ, ಮನೆ ಯಜಮಾನ ಆಂಬ್ರೋಸ್ ಪೊರ್ಬುಗಳು ಬರೆಯುತ್ತಿದ್ದಾರೆ.

ನಿನ್ನ ತುಟಿ ಒಡೆದದ್ದು ನೋಡಿ ನೋಣಯ್ಯ ಮಾವ ನಿನ್ನನ್ನು ಕರೆದುಕೊಂಡು ಹೋಗುವಾಗ ಹೇಳಿದ್ದು ನೆನಪುಂಟಾ? "ಜಿರಳೆ ಹೊಡೆಯಲು ಹೋದ ಕೈ ಹೆಂಡತಿಯ ಮುಖಕ್ಕೆ ತಾಗುತ್ತದಾ? ಅದೆಂತ ಮನೆ ಮಾರಾಯಾ, ಜಿರಳೆಯ ಗೂಡಾ? ಎಲ್ಲ ಮುಗಿಸಿ ಬಾ. ಆಮೇಲೆ ನಮ್ಮ ಹುಡುಗಿಯನ್ನು ಕಳಿಸುತ್ತೇನೆ." ನಿನ್ನ ಸೋದರಮಾವ ಅಷ್ಟು ಹೇಳಿದ ಮೇಲೆ ನಿನ್ನನ್ನು ಕರೆಯಲು ನನಗೆ ಬೇರೆ ದಾರಿ ಇಲ್ಲ.

ಹಾಗಾಗಿ ಇವತ್ತು ಮುಗಿಸಿದೆ. ಅಕ್ಕಿ ಪೆಟ್ಟಿಗೆ, ಚಾಪೆ, ಮಡಕೆ ಎಲ್ಲ ಅಂಗಳಕ್ಕೆ ಹಾಕಿ ಗೋಡೆಯ ಬುಡಕ್ಕೆ ಕುದಿಯುವ ನೀರು ಎರೆದೆ. ಕೆಂಪಗೆ ಹೊಳೆಯುತ್ತ ಬಂದವು, ಒಂದರ ಮೇಲೊಂದು. ಬರಿಗಾಲಲ್ಲಿ ತುಳಿದೆ. ಕಾಲಡಿಯಲ್ಲಿ ಚಟಚಟ ಒಡೆದು ಬಿಳಿ ಕೀವಿನಂತಹದು ಬೆರಳ ಸಂದಿಗೆ ಬಂತು. ಹಂಚಿನ ಮಾಡಿಗೆ ಹಾರಿದವುಗಳನ್ನು ಮಣ್ಣು ಬಡಿಯುವ ಹಲಗೆಯಲ್ಲಿ ಚಚ್ಚಿದೆ. ಪೆಟ್ಟಿಗೆಯ ಸಂದಿಗೆ ಚಿಮಿಣಿ ಎಣ್ಣೆ ಸುರಿದು ತೆಂಗಿನ ಗರಿಯ ತೂಟೆಯ ಬೆಂಕಿ ಹಿಡಿದೆ. ಮೊಟ್ಟೆಗಳು ಸಿಡಿದವು. ಒಂದು, ತಲೆ ಹೋದರೂ ಓಡುತ್ತಿತ್ತು. ಅದನ್ನು ಬಡಿದೆ, ಬಡಿದೆ, ನೆಲ ಕಿತ್ತು ಬಂತು.

ಪೊರ್ಬುಗಳು ಓಡಿ ಬಂದು ನನ್ನ ರಟ್ಟೆ ಹಿಡಿದರು. "ಸತ್ತದ್ದನ್ನು ಎಷ್ಟು ಸಲ ಕೊಲ್ಲುವುದು ತುಕ್ರಾ? ನೆಲ ನನ್ನದು ಮಾರಾಯಾ!" ಎಂದು ನಗಾಡಿದರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅವರು ನನ್ನ ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಬಿರುಕುಗಳಿಗೆಲ್ಲ ಕಾರ್ಖಾನೆಯ ಮಣ್ಣು ಮೆತ್ತಿದ್ದೇನೆ. ಒಂದೂ ಇಲ್ಲ. ಮಾವನಿಗೆ ಹಾಗೆಂದು ಹೇಳು. ತಾಯಿಗೆ ನನ್ನ ನಮಸ್ಕಾರ. ನಿನ್ನನ್ನು ದೇವರು ತಣ್ಣಗೆ ಇಟ್ಟಿರಲಿ.

ಇಂತಿ,
ತುಕ್ರ

ಮತ್ತೆ: ಪೊರ್ಬುಗಳು ಹೋದರು. ಇದು ನನ್ನದೇ ಅಕ್ಷರ, ಕೂಡಿಸಿ ಓದು. ಆ ದಿನ ಜಿರಳೆ ಇರಲಿಲ್ಲ. ಇಲ್ಲಿಯ ಕೆಲಸ ಬಿಟ್ಟು ಬೊಂಬಾಯಿಗೆ ಹೋಗುತ್ತೇನೆ ಎಂದೆ. "ಅಲ್ಲಿಯಾದರೂ ಒಂದು ಕೆಲಸದಲ್ಲಿ ನಿಲ್ಲುತ್ತೀರಾ?" ಎಂದು ನೀನು ನಕ್ಕೆ. ನಾನು ಹೊಡೆದೆ. ಮಾವ ಕೇಳಿದಾಗ ಜಿರಳೆ ಎಂದೆ. ನೀನು ನೆಲ ನೋಡುತ್ತ ಸುಮ್ಮನಿದ್ದೆ. ನನ್ನ ಮಾನ ಉಳಿಸಿದೆ. ಅವರು ನಂಬಿದರು. ಮನೆ ಸ್ವಚ್ಛ ಆಯಿತು ಎಂದು ಅವರು ನಿನ್ನನ್ನು ಕಳಿಸಿದರೆ ಬರಬೇಡ. ಮೊದಲು ಈ ಸಾಲುಗಳನ್ನು ಅವರಿಗೆ ಓದಿ ಹೇಳು. ಆಮೇಲೂ ಕರೆಯುವುದಿದ್ದರೆ ನೀನೇ ಕರೆ. ನಿಮ್ಮ ಬೇಲಿಯ ತಡಮೆಯ ಹೊರಗೆ ನಿಂತಿರುತ್ತೇನೆ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.