ಮನೆಯವರು ಹೇಳಿಕೊಡಬಾರದ ಲೆಕ್ಕ

ನಾಲ್ಕನೇ ತರಗತಿಯ ಗಣಿತ ಪುಸ್ತಕ ಮಾಡಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಪುಸ್ತಕದಲ್ಲಿ ಕಳೆಯುವ ಲೆಕ್ಕದ ಪಾಠಕ್ಕೆ ಒಂದು ಕಪ್ಪೆ ಇದೆ. ಹಸಿರು ಬಣ್ಣ, ಬಾಯಿ ತುಂಬ ನಗು. ಆ ಕಪ್ಪೆ ಬಂದ ಮೇಲೆ ನಮ್ಮ ಮನೆಯ ಹುಡುಗಿ ನನ್ನ ಹತ್ತಿರ ಲೆಕ್ಕ ಕೇಳುವುದನ್ನೇ ಬಿಟ್ಟಿದ್ದಾಳೆ. ನನ್ನ ದೂರು ಇಷ್ಟೇ. ನಿಮ್ಮ ಮೇಜಿನ ಮೇಲೆ ಬರುವ ದೊಡ್ಡ ದೊಡ್ಡ ದೂರುಗಳ ನಡುವೆ ಇದು ಚಿಕ್ಕದಾಗಿ ಕಾಣಬಹುದು. ಆದರೆ ನಮ್ಮ ಮನೆಯಲ್ಲಿ ಇರುವವರೇ ಇಬ್ಬರು. ಇಬ್ಬರಲ್ಲಿ ಒಬ್ಬರು ಮಾತು ಬಿಟ್ಟರೆ ಉಳಿಯುವುದೆಷ್ಟು ಎಂದು ತಿಳಿಯಲು ಯಾವ ಕಪ್ಪೆಯೂ ಬೇಕಾಗಿಲ್ಲ.

ಹುಡುಗಿಯ ಹೆಸರು ಪಲ್ಲವಿ. ತೀರಿಕೊಂಡ ನನ್ನ ಅಕ್ಕ ಕಸ್ತೂರೆವ್ವನ ಮಗಳು. ಅವಳಪ್ಪ ಸಿಂದಗಿ ಕಡೆ ಬೇರೆ ಸಂಸಾರ ಹೂಡಿದ್ದಾನೆ. ಎರಡು ವರ್ಷದ ಕೂಸಾಗಿದ್ದಾಗಿನಿಂದ ಅವಳು ಇಂಡಿಯಲ್ಲಿ ನನ್ನ ಜೊತೆಗಿದ್ದಾಳೆ. ನಾನು ಇಲ್ಲಿಯ ಮಾರುಕಟ್ಟೆಯಲ್ಲಿ ಲಿಂಬೆಹಣ್ಣು ಎಣಿಸುವ ಕೆಲಸ ಮಾಡುತ್ತೇನೆ. ಹಾಗೆಂದು ನನ್ನನ್ನು ಅಕ್ಷರ ಬಾರದವಳೆಂದು ತಿಳಿಯಬೇಡಿ. ಬಸವನ ಬಾಗೇವಾಡಿಯಲ್ಲಿ ಓದುವಾಗ ಹತ್ತನೇ ತರಗತಿಯ ಗಣಿತದಲ್ಲಿ ನೂರಕ್ಕೆ ಎಂಬತ್ತೊಂದು ತೆಗೆದವಳು ನಾನು. ದಿನವಿಡೀ ಬಗ್ಗಿ ಎಣಿಸಿ ಸೊಂಟ ಹಿಡಿದಿದ್ದರೂ, ಸಂಜೆ ಆರಕ್ಕೆ ಪಲ್ಲವಿ ಚಾಪೆ ಹಾಸಿ "ಚಿಗವ್ವಾ, ಬಾ, ಲೆಕ್ಕ ಮಾಡೂಣು" ಎಂದು ಕರೆದರೆ ನನಗೆ ಬೇರೇನೂ ಬೇಕಾಗುತ್ತಿರಲಿಲ್ಲ. ಇಡೀ ದಿನದಲ್ಲಿ ನನ್ನನ್ನು ಸಂಬಂಧ ಹಿಡಿದು ಕರೆಯುವವಳು ಅವಳೊಬ್ಬಳೇ.

ಈಗ ಕಪ್ಪೆಗೆ ಬರೋಣ. ಅದು 168ರ ಮೇಲೆ ಕುಳಿತಿದೆ. 403ಕ್ಕೆ ಹೋಗಬೇಕು. ನಡುವೆ ನಾಲ್ಕು ಜಿಗಿತ, ಒಂದೊಂದು ಜಿಗಿತದ ಮೇಲೂ ಒಂದೊಂದು ಖಾಲಿ ಮನೆ. ಕೆಳಗೆ "ಕಪ್ಪೆಗೆ ನೆರವಾಗು" ಎಂದಷ್ಟೇ ಬರೆದಿದ್ದೀರಿ. ಕಪ್ಪೆಗೆ ನೆರವಾಗುವ ಮೊದಲು ನಮಗೆ ಯಾರು ನೆರವಾಗಬೇಕು, ಸ್ವಾಮಿ? ಅದು ಎಷ್ಟೆಷ್ಟು ಜಿಗಿಯಬೇಕು? ನಾಲ್ಕೇ ಸಲ ಏಕೆ? ಅಷ್ಟು ದೂರ ಹೋಗಲು ಅದಕ್ಕೆ ಅಂಥ ಅವಸರದ ಕೆಲಸವೇನಿದೆ? ಪುಟದ ಫೋಟೋ ತೆಗೆದು ನಮ್ಮ ಕಾಕಾನ ಮಗ ಕಲ್ಮೇಶನಿಗೆ ಕಳಿಸಿದೆ. ಅವನು ಮುದ್ದೇಬಿಹಾಳದಲ್ಲಿ ಕಾಲೇಜು ಹುಡುಗರಿಗೆ ವಾಣಿಜ್ಯ ಕಲಿಸುತ್ತಾನೆ. ಕೂಡಲೇ ಫೋನ್ ಮಾಡಿದ.

"ಅಕ್ಕಾ, ಈ ಕಪ್ಪಿ ನಮ್ಮ ಕಾಲದಾಗ ಇರಲಿಲ್ಲ. ನನಗೂ ಏನೂ ತಿಳಿವಲ್ದು. ನಮ್ಮ ಹಳೇ ಪದ್ಧತಿಲೆ ಕಳದು ಉತ್ತರ ಬರದಬಿಡ್ರಿ, ಯಾರ್ ಕೇಳ್ತಾರ?"

ಹಳೆಯ ಪದ್ಧತಿ ನನಗೆ ಬಾಯಿಪಾಠ. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಗೆ ಹೋಗಿ ಒಂದು ಕಡ ತಾ. ಪಕ್ಕದ ಮನೆಯಲ್ಲಿ ಸೊನ್ನೆ, ಅದರಾಚೆಯ ಮನೆಗೆ ಹೋಗು. ಪಲ್ಲವಿ ನಗುತ್ತ ನಗುತ್ತ ಕಲಿತಳು. ಉತ್ತರ 235 ಬಂತು, ನೋಟುಬುಕ್ಕಿನಲ್ಲಿ ಬರೆದಳು. ಆದರೆ ಕಪ್ಪೆಯ ಮನೆಗಳು ನಾಲ್ಕು, ನಮ್ಮ ಹತ್ತಿರ ಇದ್ದ ಅಂಕಿ ಮೂರು. ಎರಡು, ಮೂರು, ಐದು ಎಂದು ಒಂದೊಂದು ಮನೆಯಲ್ಲಿ ಬರೆಸಿ, ಕಡೆಯ ಮನೆಗೆ ಒಂದು ಸೊನ್ನೆ ಹಾಕಿಸಿದೆ. ಕಪ್ಪೆಯೂ ಒಂದು ಗಳಿಗೆ ದಣಿವಾರಿಸಿಕೊಳ್ಳಲಿ ಎಂದೆ. ಅವತ್ತು ನಾವಿಬ್ಬರೂ ಬಹಳ ನಕ್ಕೆವು.

ಮರುದಿನ ನೋಟುಬುಕ್ಕು ಕೆಂಪಾಗಿ ಬಂತು. "ಉತ್ತರ ಸರಿ. ವಿಧಾನ ತಪ್ಪು. ಮನೆಯವರು ಹೇಳಿಕೊಡುವುದು ಬೇಡ." ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನಲವತ್ತೆರಡು ಮಕ್ಕಳು, ಮೇಲೆ ನಿಮ್ಮ ಕಪ್ಪೆ. ಆದರೆ ಪಲ್ಲವಿ ಆ ಸಂಜೆ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಹತ್ತಿರ ಹೋದರೆ ನೋಟುಬುಕ್ಕಿಗೆ ಕೈ ಅಡ್ಡ ಇಟ್ಟಳು.

"ಚಿಗವ್ವಾ, ನೀ ಹೇಳಬ್ಯಾಡ. ನೀ ಹೇಳಿದ್ರ ಟೀಚರ್ ಕೆಂಪು ಶಾಯಿಲೆ ಬರೀತಾರ. ನಾ ಒಬ್ಬಾಕೀನ ಮಾಡ್ಕೋತೇನಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನೋವಾಗಬಾರದೆಂದು ಮೆಲ್ಲಗೆ ಹೇಳಿದಳು. ನಾನು ಒಳಗೆ ಹೋಗಿ ಬೇಕಿಲ್ಲದಿದ್ದರೂ ಅಕ್ಕಿ ಆರಿಸುತ್ತ ಕುಳಿತೆ.

ನೀವು ಕೇಳಬಹುದು: ಅಷ್ಟು ಎಣಿಸುವವಳು ನಿನಗೆ ತಿಳಿದ ಹಾಗೆ ಎಣಿಸಿ ತೋರಿಸಬಾರದಿತ್ತೇ? ಅದಕ್ಕೊಂದು ಕಾರಣವಿದೆ. ನಮ್ಮ ಮಾರುಕಟ್ಟೆಯಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಎರಡೂ ಕೈ ಸೇರಿಸಿ ಐದು ಹಣ್ಣು ಎತ್ತಿ ಚೀಲಕ್ಕೆ ಹಾಕುವಾಗ ಮೊದಲ ಸಲಕ್ಕೆ "ಲಾಭ" ಎನ್ನುತ್ತೇವೆ, ಆಮೇಲೆ ಎರಡು, ಮೂರು. ಇಪ್ಪತ್ತಕ್ಕೆ ನೂರು ಹಣ್ಣು. ಕಾಳು ಅಳೆಯುವವರೂ ಮೊದಲ ಸೇರಿಗೆ ಲಾಭವೆಂದೇ ಹೇಳುವುದು. ಹಣ್ಣಿನ ರಾಶಿಯ ಪಕ್ಕದಲ್ಲಿ ಬೆಳೆದ ಪಲ್ಲವಿ ಒಂದನೇ ತರಗತಿಯಲ್ಲಿ ಎದ್ದು ನಿಂತು "ಲಾಭ, ಎರಡು, ಮೂರು" ಎಂದಳು. ಇಡೀ ತರಗತಿ ನಕ್ಕಿತು. ಮನೆಗೆ ಬಂದು ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತಳು. ಅಂದಿನಿಂದ ನಾನು ಮಾರುಕಟ್ಟೆಯ ಎಣಿಕೆಯನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆಯೇ ಬಿಟ್ಟು ಒಳಗೆ ಬರುತ್ತೇನೆ. ಶಾಲೆಯ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ ಎಂದುಕೊಂಡಿದ್ದೆ.

ಹೋದ ವಾರ ನನ್ನ ಪಕ್ಕದಲ್ಲಿ ಎಣಿಸುವ ಲಕ್ಕವ್ವ ಮನೆಯಿಂದ ಕರೆ ಬಂತೆಂದು ಅರ್ಧಕ್ಕೇ ಎದ್ದಳು. "ಸುವರ್ಣಾ, ಆರನೂರಾ ಎಪ್ಪತ್ತೈದು ಆಗ್ಯಾವ ನೋಡವಾ. ಸಾವಿರಕ್ಕ ಇನ್ನ ಎಷ್ಟ ಬೇಕು?"

"ಐದು ಹಾಕಿದ್ರ ಎಂಬತ್ತು. ಇಪ್ಪತ್ತು ಹಾಕಿದ್ರ ಏಳನೂರು. ಮ್ಯಾಲ ಮುನ್ನೂರು. ಮುನ್ನೂರಾ ಇಪ್ಪತ್ತೈದು ಬೇಕು, ನೀ ಹೋಗು" ಎಂದೆ.

ಎಣಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಐದು, ಇಪ್ಪತ್ತು, ಮುನ್ನೂರು. ಇದು ಜಿಗಿತವಲ್ಲವೇ? 168ಕ್ಕೆ ಎರಡು ಹಾಕಿದರೆ 170. ಮೂವತ್ತು ಹಾಕಿದರೆ 200. ಇನ್ನೂರು ಹಾಕಿದರೆ 400. ಮತ್ತೆ ಮೂರು. ನಾಲ್ಕು ಜಿಗಿತ, ನಾಲ್ಕು ಮನೆ, ಒಟ್ಟು 235. ಅಧಿಕಾರಿಗಳೇ, ಎಂಟು ವರ್ಷಗಳಿಂದ ನಾನು ದಿನಾ ಕೈಯಲ್ಲಿ ಮಾಡುತ್ತಿದ್ದುದನ್ನೇ ನೀವು ಕಪ್ಪೆಯ ಬಾಯಿಂದ ಕೇಳಿಸಿದ್ದಿರಿ. ನಾನು ಹೊಸ್ತಿಲಾಚೆ ಬಿಟ್ಟು ಬಂದದ್ದೇ ನಿಮ್ಮ ಪುಸ್ತಕದ ಸರಿಯಾದ ವಿಧಾನವಾಗಿತ್ತು. ಅಷ್ಟು ಜಾಣರು ಕೂತು ಪುಸ್ತಕ ಮಾಡಿದಿರಿ, ಬಣ್ಣ ಹಚ್ಚಿದಿರಿ, ಕಪ್ಪೆಗೆ ನಗು ಬರೆದಿರಿ. ಇದು ನಿಮ್ಮ ಮನೆಯವರಿಗೂ ಗೊತ್ತಿರುವ ಲೆಕ್ಕ ಎಂದು ಮಕ್ಕಳಿಗೆ ಒಂದು ಸಾಲು ಬರೆಯಲು ನಿಮ್ಮ ಹತ್ತಿರ ಜಾಗವಿರಲಿಲ್ಲವೇ?

ಅವತ್ತು ಸಂಜೆ ಐದು ಲಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಓಡೋಡಿ ಮನೆಗೆ ಬಂದೆ. "ಪಲ್ಲೂ, ಕಪ್ಪಿ ಹೆಂಗ ಜಿಗೀತೈತಿ ಗೊತ್ತಾತು ನೋಡು!" ಎಂದೆ. ಅವಳು ಗೋಡೆಯ ಕಡೆಯಿಂದ ಅರ್ಧ ತಿರುಗಿ ನೋಡಿದಳು.

"ಆ ಪಾಠ ಮುಗೀತು, ಚಿಗವ್ವಾ. ಈಗ ಭಾಗಾಕಾರ ನಡದೈತಿ" ಎಂದು ಮತ್ತೆ ಬಗ್ಗಿ ಬರೆಯತೊಡಗಿದಳು. ಕೈ ಅಡ್ಡವೇ ಇತ್ತು. ಹಣ್ಣುಗಳನ್ನು ನಾನು ಅಡುಗೆಮನೆಯಲ್ಲಿಟ್ಟೆ.

ಕಪ್ಪೆಯನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಪಾಪ, ಅದರ ತಪ್ಪೇನಿದೆ? ಮುಂದಿನ ಸಲ ಪುಸ್ತಕ ಅಚ್ಚಾಗುವಾಗ ಪ್ರತಿ ಪಾಠದ ಕೆಳಗೆ ಒಂದು ಸಾಲು ಹಾಕಿ: "ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಎಣಿಸುತ್ತಾರೆ, ಕೇಳಿ ಬಾ." ನಾವು ಹೇಳಿದ್ದಕ್ಕೆ ಅಂಕ ಕೊಡಬೇಡಿ, ಕೆಂಪು ಶಾಯಿಯಲ್ಲಿ ಬೇಕಾದರೆ ತಿದ್ದಿಸಿ. ಮಗು ಬಂದು ನಮ್ಮನ್ನು ಕೇಳುವಂತೆ ಮಾಡಿ, ಸಾಕು. ಜೂನ್‌ನಲ್ಲಿ ಪಲ್ಲವಿ ಐದನೇ ತರಗತಿಗೆ ಹೋಗುತ್ತಾಳೆ. ಆ ಪುಸ್ತಕದಲ್ಲಾದರೂ ಆ ಸಾಲು ಇದ್ದರೆ ಅವಳು ಕೈ ತೆಗೆದಾಳು. ಚಾಪೆ ಇಬ್ಬರಿಗೆ ಸಾಲುವಷ್ಟು ದೊಡ್ಡದು, ದಿನಾ ಸಂಜೆ ನಾನು ಅಡುಗೆಮನೆಯಿಂದ ನೋಡುತ್ತಿರುತ್ತೇನೆ.

ಇಂತಿ,
ಉತ್ತರ ಸರಿ ಬಂದರೂ ಚಾಪೆಯಿಂದ ಎದ್ದು ಬಂದ,
ಪಲ್ಲವಿಯ ಚಿಗವ್ವ ಸುವರ್ಣಾ
ಲಿಂಬೆಹಣ್ಣು ಎಣಿಸುವವಳು, ಇಂಡಿ