ಔಷಧಿ ಕಾಣದ ಗಿಡಗಳು

ಸಂಶೋಧನಾ ಕೇಂದ್ರದ ವಸತಿಗೃಹ,
ಭಾನುವಾರ

ಪ್ರೀತಿಯ ಅಪ್ಪಾ,

ನಮಸ್ಕಾರಗಳು. ಮಂಡಿನೋವು ಹೇಗಿದೆ? ಡಾಕ್ಟರ ಮೇಲಿನ ಹಟಕ್ಕೆ ಅಣ್ಣನ ಮನೆಯ ಮೆಟ್ಟಿಲುಗಳನ್ನು ಬೇಕೆಂದೇ ಹತ್ತಿ ಇಳಿಯುತ್ತಿದ್ದೀರಂತೆ, ಅತ್ತಿಗೆ ಫೋನಿನಲ್ಲಿ ದೂರಿದರು. ಅಮ್ಮನಿಗೆ ಅಲ್ಲಿನ ಅಂಗಡಿ ಚಹಾ ಇನ್ನೂ ಒಗ್ಗಿಲ್ಲವಂತೆ. "ಮನೆ ಎಲೆ ಚಹಾ ಕುಡಿದ ಬಾಯಿಗೆ ಇದೇನು ಮಣ್ಣೋ" ಎಂದು ದಿನಾ ಲೋಟ ಪಕ್ಕಕ್ಕೆ ಸರಿಸುತ್ತಾಳಂತೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ ಎಂದು ಅವಳಿಗೆ ಹೇಳಿ. ಅರ್ಧ ಸುಳ್ಳು, ಆದರೂ ಹೇಳಿ.

ನಿಮ್ಮ ಕಾಗದ ಬಂತು. "ವರದಿ ವಾಪಸ್ ತಗೋ, ನಿರ್ದೇಶಕರ ಹತ್ರ ಒಂದು ಮಾತು ಕ್ಷಮೆ ಕೇಳು, ದೊಡ್ಡದು ಮಾಡ್ಬೇಡ" ಎಂದು ಬರೆದಿದ್ದೀರಿ. ಇಲ್ಲ ಅಪ್ಪಾ. ವಾಪಸ್ ತೆಗೆದುಕೊಳ್ಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಓದುತ್ತೀರಿ ಎಂಬ ಆಸೆ. ಕನ್ನಡಕ ತೆಗೆದು ಮೇಜಿನ ಮೇಲೆ ಎಸೆಯಬೇಡಿ, ಹೋದ ಸಲ ಎಸೆದದ್ದೇ ಇನ್ನೂ ರಿಪೇರಿಗೆ ಕೂತಿದೆ.

ನಿಮ್ಮ ಕಿವಿಯಲ್ಲಿ ನಿರ್ದೇಶಕರು ಏನೇನು ಊದಿದ್ದಾರೋ ಗೊತ್ತಿಲ್ಲ. ನಡೆದದ್ದು ಇಷ್ಟು. ನೀವು ನಿವೃತ್ತರಾಗಿ ಇಷ್ಟು ಕಾಲವಾದರೂ ಇಲ್ಲಿ ನೀವು ಹಾಕಿಕೊಟ್ಟ ಪದ್ಧತಿಯೇ ನಡೆಯುತ್ತಿದೆ. ಹುಳ ಇರಲಿ ಬಿಡಲಿ, ತಿಂಗಳು ಬಂತೆಂದರೆ ಚಹಾ ಗಿಡಗಳಿಗೆ ಔಷಧಿ. ಸುತ್ತಲಿನ ತೋಟದವರೂ ಕಣ್ಣುಮುಚ್ಚಿ ಹಾಗೇ ಮಾಡುತ್ತಾರೆ. ನಾನು ಔಷಧಿ ಹೊಡೆದ ಗಿಡಗಳನ್ನು, ಎಂದೂ ಔಷಧಿ ಕಾಣದ ಕೆಲವು ಗಿಡಗಳ ಜೊತೆ ಹೋಲಿಸಿ ನೋಡಿದೆ. ಹೊಡೆದ ಕಡೆಯೇ ಕೆಂಪು ನುಸಿ ಹೆಚ್ಚು! ನುಸಿಯನ್ನು ತಿನ್ನುವ ಗುಲಗಂಜಿ ಹುಳ ನುಸಿಗಿಂತ ಮೊದಲು ಸಾಯುತ್ತದೆ, ಆಮೇಲೆ ನುಸಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಅಲ್ಲಿ ಮಣ್ಣು ಅಗೆದರೆ ಬರೀ ಹೆಂಟೆ. ಔಷಧಿ ಕಾಣದ ಗಿಡಗಳ ಬುಡಕ್ಕೆ ಕೈ ಹಾಕಿದರೆ ಮಣ್ಣು ಪುಡಿಪುಡಿಯಾಗಿ ಬರುತ್ತದೆ, ಎರೆಹುಳ ಬೆರಳಿಗೆ ಸುತ್ತಿಕೊಳ್ಳುತ್ತದೆ. ಇನ್ನು ಎಲೆಯ ಮಾತು. ಸೊಪ್ಪನ್ನಾದರೂ ತೊಳೆದು ಬೇಯಿಸುತ್ತೇವೆ, ಚಹಾ ಎಲೆಯನ್ನು ಯಾರು ತೊಳೆಯುತ್ತಾರೆ? ಕಿತ್ತು, ಬಾಡಿಸಿ, ಒಣಗಿಸಿ, ನೇರ ಬಿಸಿನೀರಿಗೆ. ಎಲೆಯ ಮೇಲಿದ್ದದ್ದು ಲೋಟಕ್ಕೂ ಇಳಿಯುತ್ತದೆ ಎಂದು ಪ್ರಯೋಗಾಲಯದ ಯಂತ್ರವೇ ತೋರಿಸಿದೆ. ಆ ಯಂತ್ರಕ್ಕೆ ನಿಮ್ಮ ಮೇಲೇನೂ ಹಗೆ ಇಲ್ಲ.

ವರದಿ ಓದಿ ನಿರ್ದೇಶಕರು ಕರೆಸಿದರು. ನಿಮ್ಮ ಹಳೆಯ ಶಿಷ್ಯರಲ್ಲವೇ, ಅವರ ಕೋಣೆಯ ಗೋಡೆಯಲ್ಲಿ ಈಗಲೂ ನಿಮ್ಮ ಫೋಟೋ ಇದೆ. ಅದರ ಕೆಳಗೇ ಕೂತು ಎಲ್ಲರೆದುರು, "ಏನಮ್ಮಾ, ಅಪ್ಪನ ಹೆಸರಿಗೇ ಮಸಿ ಬಳೀತೀಯಾ? ಅವರ ಅನ್ನ ತಿಂದು ಬೆಳೆದವಳಲ್ವಾ ನೀನು?" ಎಂದರು. "ಆ ಅನ್ನ ತಿಂದಿದ್ದಕ್ಕೇ ಸುಳ್ಳು ಬರಿಯೋಕೆ ಕೈ ಬರಲ್ಲ ಸಾರ್" ಎಂದೆ. ಸಕ್ಕರೆ ಎಂದು ಉಪ್ಪು ಹಾಕಿಕೊಂಡು ಚಹಾ ಕುಡಿದವರ ಹಾಗಾಯಿತು ಅವರ ಮುಖ. ಗುರುವಾರ ತೋಟದವರ ಸಭೆಯಿದೆ, ಅಷ್ಟರೊಳಗೆ ವರದಿ ಹಿಂದಕ್ಕೆ ಪಡೆಯದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ. ತೆಗೆಯಲಿ. ಅವರೆಲ್ಲರ ಮುಂದೆ ಓದಿಯೇ ಹೋಗುತ್ತೇನೆ.

ನೀವು ಕೆಟ್ಟದ್ದು ಮಾಡಿದಿರಿ ಎಂದು ನಾನು ಎಲ್ಲಿಯೂ ಬರೆದಿಲ್ಲ. ಆ ಕಾಲಕ್ಕೆ ತಿಳಿದಷ್ಟನ್ನು ಮಾಡಿದಿರಿ ಎಂದೇ ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನನ್ನ ಕೈಗೆ ಭೂತಗನ್ನಡಿ ಕೊಟ್ಟು, "ಗಿಡ ಹೇಳಿದ್ದನ್ನ ಬರಿ, ನಿಂಗೆ ಬೇಕಾದ್ದನ್ನಲ್ಲ" ಎಂದವರೂ ನೀವೇ ಅಲ್ಲವೇ? ಅದನ್ನೇ ಮಾಡಿದ್ದೇನೆ. ನಿಮ್ಮ ಮೇಲೆ ನನಗೆ ಪ್ರೀತಿಯೂ ಇದೆ, ಮೈತುಂಬ ಸಿಟ್ಟೂ ಇದೆ.

ಅಮ್ಮನಿಗೆ ನಮಸ್ಕಾರ, ಅಣ್ಣ ಅತ್ತಿಗೆಗೆ ನನ್ನ ನೆನಪು ತಿಳಿಸಿ. ಮೆಟ್ಟಿಲು ಹತ್ತಬೇಡಿ, ಮಂಡಿಯನ್ನು ಪ್ರಯಾಣಕ್ಕೆ ಉಳಿಸಿಕೊಳ್ಳಿ.

ಇಂತಿ ನಿಮ್ಮ
ಮೊಂಡಿ

ತಾ.ಕ.: ಔಷಧಿ ಕಾಣದ ಗಿಡಗಳು ನಿನಗೆಲ್ಲಿ ಸಿಕ್ಕವು ಎಂದು ನಿರ್ದೇಶಕರು ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. ಇಡೀ ತೋಟದಲ್ಲಿ ಅಂಥವು ಇರುವುದು ಒಂದೇ ಕಡೆ, ನಾವಿದ್ದ ಹಳೆಯ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ. ಅಮ್ಮ ನಮಗೆಲ್ಲ ಚಹಾ ಮಾಡುತ್ತಿದ್ದದ್ದು ಆ ಎಲೆಯಲ್ಲೇ. ಔಷಧಿ ಹೊಡೆಯುವವರು ಬಂದಾಗಲೆಲ್ಲ ನೀವು ಹಿತ್ತಲ ಬಾಗಿಲಲ್ಲಿ ನಿಂತು, "ಇದಕ್ಕೆ ಬೇಡ, ಇದು ಮನೆಗೆ" ಎನ್ನುತ್ತಿದ್ದಿರಿ. ನನಗೆ ಚೆನ್ನಾಗಿ ನೆನಪಿದೆ ಅಪ್ಪಾ. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಹಿಡಿದಿಟ್ಟಿರುತ್ತೇನೆ. ಗುರುವಾರ ಬಂದು ಅದನ್ನು ನೀವೇ ಹೇಳಿ. ನೀವು ಬರದಿದ್ದರೆ ನಾನು ಹೇಳುತ್ತೇನೆ.